ಬೀಜದ ಹತ್ತಿ

ಆಗೆಲ್ಲ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ದೀಪದ ಬತ್ತಿ ಸಿಗುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನ ಆ ವರ್ಷಗಳಲ್ಲಿ ನಮ್ಮಲ್ಲಿಗೆ ಬರುವ ಅಜ್ಜಿಯರ ಸೂಟ್‌ಕೇಸಿನಲ್ಲಿ ಹುಣಸೆಹಣ್ಣು, ಸಾರಿನಪುಡಿಯ ಜೊತೆ ಹತ್ತಿಯ ಗಂಟೂ ಇರುತ್ತಿತ್ತು. ನಮ್ಮಜ್ಜಿ ತಂದದ್ದಂತೂ ಬೀಜ ಸಮೇತ. "ಅಂಗಡಿ ಹತ್ತಿಗೆ ಅದೇನು ಔಷಧಿ ಹಾಕಿರ್ತಾರೋ, ದೇವರಿಗೆ ಬೇಡಪ್ಪಾ" ಎನ್ನುವುದು ಅವರ ವಾದ. ಮೂರೂವರೆಗೇ ಕತ್ತಲಾಗುವ ನವೆಂಬರಿನಲ್ಲಿ, ನಾನು ಶಾಲೆಯಿಂದ ಬಂದ ಮೇಲೆ, ಹೀಟರಿನ ಪಕ್ಕ ಕೂತು ಇಬ್ಬರೂ ಬೀಜ ಬಿಡಿಸಿ ಬತ್ತಿ ಹೊಸೆಯುತ್ತಿದ್ದೆವು. ಮನೆಯೆಲ್ಲ ಇಂಗಿನ ಒಗ್ಗರಣೆಯ ವಾಸನೆ.

ನಾನಾಗ ನಾಲ್ಕನೇ ಕ್ಲಾಸು. ನಮ್ಮ ಟೀಚರ್ ಕರೀನ್ ಅಮೆರಿಕದ ಹತ್ತಿ ತೋಟಗಳ ಗುಲಾಮರ ಪಾಠ ಶುರುಮಾಡಿದರು. ನಸುಕಿಗೇ ಎಬ್ಬಿಸುವ ಕೊಂಬಿನ ಸದ್ದು, ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸುವುದು, ತೂಕ ಕಡಿಮೆಯಾದರೆ ಚಾಟಿ, ಅಳೆದು ಕೊಡುವ ಮುಸುಕಿನ ಜೋಳದ ಹಿಟ್ಟು. ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿದ್ದ ಹುಡುಗಿಗೆ ನನ್ನಷ್ಟೇ ವಯಸ್ಸು. ಕೊನೆಗೆ ಕರೀನ್, "ಶುಕ್ರವಾರ ನಾವೂ ಆ ಕೆಲಸ ಮಾಡಿ ನೋಡೋಣ" ಎಂದರು. ಇಡೀ ಕ್ಲಾಸಿಗೆ ಕಪ್ಪಗಿದ್ದವಳು ನಾನೊಬ್ಬಳೇ. ಗುಲಾಮಳ ಪಾತ್ರ ಯಾರಿಗೆ ಅಂತ ಕೇಳಬೇಕೇ?

ಸಾಲದ್ದಕ್ಕೆ, ಬೀಜದ ಹತ್ತಿ ಎಲ್ಲೂ ಸಿಗುತ್ತಿಲ್ಲವೆಂದು ಕರೀನ್ ಪೇಚಾಡಿದ್ದನ್ನು ಮನೆಯಲ್ಲಿ ಬಾಯಿಬಿಟ್ಟೆ. "ಅಯ್ಯೋ, ನಮ್ಮನೇಲೇ ಇದೆಯಲ್ಲೇ! ತಗೊಂಡ್ಹೋಗು ಪುಟ್ಟಿ" ಎಂದು ಅಜ್ಜಿ ಚೀಲ ತುಂಬಿಯೇ ಬಿಟ್ಟರು. ಶುಕ್ರವಾರ ಬೆಳಿಗ್ಗೆ ಹೊಟ್ಟೆನೋವು ಎಂದೆ. ಜ್ವರ ಎಂದೆ. ಅಮ್ಮ ಹಣೆ ಮುಟ್ಟಿ ನೋಡಿ, ಬೂಟು ಹಾಕಿಸಿ ಕಳಿಸಿದಳು. ಅವತ್ತು ಫೀಕಾಗೆ, ಅಂದರೆ ತಿಂಡಿಯ ಬಿಡುವಿಗೆ, ಕೊಟ್ಟ ದಾಲ್ಚಿನ್ನಿ ಬನ್ನನ್ನೂ ಹಾಗೇ ವಾಪಸು ಇಟ್ಟೆ.

ಆದರೆ ಯಾರಿಗೂ ಪಾತ್ರ ಹಂಚಲಿಲ್ಲ. ಎಲ್ಲರ ಮುಂದೆ ಒಂದೊಂದು ಹಿಡಿ ಹತ್ತಿ ಇಟ್ಟರು. ಬೀಜ ತೆಗೆಯುವ ಯಂತ್ರ ಬರುವ ಮೊದಲು, ಹೊಲದಿಂದ ಬಂದ ಮೇಲೂ ಆ ಗುಲಾಮರು ಹೀಗೆ ಬೀಜ ಬಿಡಿಸಬೇಕಿತ್ತಂತೆ. ಮಕ್ಕಳೆಲ್ಲ ಉಗುರು ನೋವು ಎಂದು ಗೊಣಗಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಹಾಳು ಬೆರಳುಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿದ್ದವು. ಬೀಜ ಬಿಡಿಸಿದ್ದಲ್ಲದೆ, ಅಭ್ಯಾಸಬಲದಿಂದ ಸಾಲಾಗಿ ಬತ್ತಿಯನ್ನೂ ಹೊಸೆದಿಟ್ಟಿದ್ದೆ!

ಪಕ್ಕದಲ್ಲಿದ್ದ ಎರಿಕ್ ಕಣ್ಣರಳಿಸಿದ. "ನಿಂಗೆ ಹೇಗೆ ಬರುತ್ತೆ? ನಿಮ್ಮವರೂ ಗುಲಾಮರಾಗಿದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು.

"ಇಲ್ಲ. ದೇವರ ದೀಪಕ್ಕೆ ಮಾಡ್ತೀವಿ, ಅಜ್ಜಿ ಜೊತೆ" ಎಂದೆ.

"ಎಷ್ಟು ಹೊತ್ತು ಮಾಡ್ತೀಯ?" ಕರೀನ್ ಮೆಲ್ಲಗೆ ಕೇಳಿದರು.

"ಅಜ್ಜಿ ಸಾಕು ಅನ್ನೋವರೆಗೆ."

ಕರೀನ್ ಗೋಡೆಯ ಚಿತ್ರದ ಕಡೆ ನೋಡಿದರು. "ಈ ಹುಡುಗಿಗೂ ಅಜ್ಜಿ ಇದ್ದಿರಬಹುದು. ಆದ್ರೆ ಸಾಕು ಅನ್ನೋಕೆ ಆ ಅಜ್ಜೀನ ಬಿಡ್ತಿರಲಿಲ್ಲ" ಎಂದರು. ಎರಿಕ್ ತನ್ನ ಹತ್ತಿಯನ್ನು ಮತ್ತೆ ಕೈಗೆತ್ತಿಕೊಂಡ.

ಸಂಜೆ ಇದನ್ನೆಲ್ಲ ಹೇಳಿದಾಗ ಅಜ್ಜಿಯ ಕೈ ನಿಂತುಹೋಯಿತು. "ಅಷ್ಟು ಸಣ್ಣ ಮಗೂಗಾ? ಚಾಟಿ ಹಿಡಿದೋರ ಕೈ ಸೇದಿಹೋಗ" ಎಂದು ಶಪಿಸಿ, ನನ್ನ ಬೆರಳುಗಳನ್ನು ಹಿಡಿದುಕೊಂಡು ಒಂದೊಂದಾಗಿ ನೀವಿದರು.

ಈಗ ಸ್ಟಾಕ್‌ಹೋಮಿನ ಇಂಡಿಯನ್ ಅಂಗಡಿಯಲ್ಲಿ ಪ್ಯಾಕೆಟ್ಟುಗಟ್ಟಲೆ ಬತ್ತಿ ಸಿಗುತ್ತದೆ. ಹೊಸೆಯುವುದು ನನ್ನ ಬೆರಳುಗಳಿಗೆ ಮರೆತುಹೋಗಿದೆ. ಅಜ್ಜಿಯೂ ಇಲ್ಲ. "ಸಾಕೇಳೇ, ಕೈ ನೋಯುತ್ತೆ" ಎಂದು ಅವರು ದಿನಾ ಹೇಳುತ್ತಿದ್ದರು. ಚಿತ್ರದ ಆ ಹುಡುಗಿಗೆ ಒಂದು ದಿನವೂ ಸಿಗದಿದ್ದ ಆ ಮಾತಿಗೆ ನಾನು, "ತಾಳು ಅಜ್ಜಿ, ಇನ್ನೊಂದು" ಎನ್ನುತ್ತಿದ್ದೆ.