ಕಜ್ಜಿ ಎಂದವನ ಅಂಗಿ

ಕೆಲವರ ಸಿಟ್ಟು ಹಾಲಿನ ಉಕ್ಕು. ನಮ್ಮಪ್ಪನದು ಇಸ್ತ್ರಿಪೆಟ್ಟಿಯ ಹಾಗೆ, ಕೆಂಡ ಆರಿದ ಮೇಲೂ ಮುಟ್ಟಿದವರ ಕೈ ಸುಡುತ್ತದೆ. ಆ ಗುಣ ನನಗೂ ಬಂದಿದೆ, ಅದಕ್ಕೆ ನಾಚಿಕೆಯಿಲ್ಲ.

ಅಪ್ಪ ಒಂದು ಲಾಂಡ್ರಿಯಲ್ಲಿ ತಲೆ ನರೆಯುವವರೆಗೆ ಇಸ್ತ್ರಿ ಮಾಡಿದವನು. ಒಂದು ಬೇಸಗೆಯಲ್ಲಿ ಅವನ ಎದೆ, ಬೆನ್ನಿನ ಮೇಲೆಲ್ಲ ಕೆಂಪು ಗುಳ್ಳೆ ಎದ್ದವು. ಹಬೆ ತಾಗಿದರೆ ಸಾಕು, ತುರಿಕೆ ತಾಳಲಾರದೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದ. ಅದನ್ನು ಕಂಡ ಸೂಪರ್‌ವೈಸರ್ ಗಿರಾಕಿಗಳೆದುರೇ ಕೂಗಿದ: "ಕಜ್ಜಿ ಹತ್ತಿದೆ ಕಣಯ್ಯ ನಿಂಗೆ! ಜನರ ಬಟ್ಟೆ ಮುಟ್ಬೇಡ, ಮನೆಗೆ ನಡಿ." ಮರುದಿನ ಅಪ್ಪನ ಮೇಜಿನ ಹಿಂದೆ ಆ ಸೂಪರ್‌ವೈಸರನ ಭಾವಮೈದುನ ನಿಂತಿದ್ದ. ಎಲುಬಿಲ್ಲದ ನಾಲಿಗೆ ಬೀದಿಯೆಲ್ಲ ಸುತ್ತಿತು. ಜತೆಗೆ ಚಹಾ ಕುಡಿಯುತ್ತಿದ್ದವರೂ ಬೆಂಚಿನ ಆಚೆ ತುದಿಗೆ ಸರಿದರು. ಅಪ್ಪನ ಕೈಗೆ ಬಟ್ಟೆ ಕೊಡುವವರೇ ಇಲ್ಲವಾದರು. ಆ ಕೈ ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

"ಆ ಬಾಯಿಗೆ ಮಣ್ಣು ಹಾಕ್ದೆ ನಾನು ಸಾಯಲ್ಲ" ಎಂದ ಅಪ್ಪ.

"ಮೊದ್ಲು ಡಾಕ್ಟ್ರ ಹತ್ರ ನಡೀರಿ, ಮಣ್ಣು ಎಲ್ಲಿಗೂ ಓಡಿಹೋಗಲ್ಲ" ಎಂದಳು ಅಮ್ಮ.

ಚರ್ಮದ ಡಾಕ್ಟರಮ್ಮ ಗುಳ್ಳೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ಹೇಳಿದರು: "ಇದು ಕಜ್ಜಿ ಅಲ್ಲ, ಯಾರಿಗೂ ಅಂಟಲ್ಲ. ವಯಸ್ಸಾದ ಗಂಡಸರಿಗೆ ಸೆಕೆ, ಬೆವರು ಹೆಚ್ಚಾದ್ರೆ ಹೀಗಾಗೋದುಂಟು. ಕೆಲವು ತಿಂಗಳು ಕಾಡತ್ತೆ, ಹೋಗಿ ಮತ್ತೆ ಬರಲೂಬಹುದು."

"ಇವ್ರು ದಿನಾ ಅಂಗಿ ಇಸ್ತ್ರಿ ಮಾಡಿ ಬಿಸಿಬಿಸೀನೇ ಹಾಕ್ಕೋತಾರೆ, ತುರಿಕೆಗೆ ಹಿತ ಅಂತ" ಎಂದು ಅಮ್ಮ ಚಾಡಿ ಹೇಳಿದಳು. ಇಸ್ತ್ರಿಯವರ ಗತ್ತೇ ಅದು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಉರಿಯೋ ಬೆಂಕಿಗೆ ತುಪ್ಪ ಸುರಿದ್ರಲ್ಲ!" ಸಡಿಲವಾದ ಹತ್ತಿಯ ಅಂಗಿ ಹಾಕಬೇಕು ಎಂದರು, ಅದೂ ಇಸ್ತ್ರಿಯ ಬಿಸಿ ಪೂರ್ತಿ ಆರಿದ ಮೇಲೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ತುರಿಕೆ ಬಂದರೆ ಉಗುರು ಹಾಕದೆ ತಣ್ಣನೆಯ ಒದ್ದೆ ಬಟ್ಟೆ ಇಡಬೇಕು, ಅವರು ಬರೆದ ಮುಲಾಮು ತಪ್ಪಿಸಬಾರದು. ಹಬೆಯ ಕೋಣೆ ಬಿಟ್ಟು ಗಾಳಿಯಾಡುವ ಕಡೆ ಇರಬೇಕು.

ಗಾಳಿಯಾಡುವ ಕಡೆ! ಅಪ್ಪನ ಕಣ್ಣು ಹೊಳೆಯಿತು. ಲಾಂಡ್ರಿಯ ಎದುರಿಗೇ ಒಂದು ಮರವಿತ್ತು. ಗುಳ್ಳೆ ಸ್ವಲ್ಪ ತಗ್ಗಿದ ಕೂಡಲೇ ಅದರ ನೆರಳಲ್ಲಿ ಮೇಜು ಹಾಕಿದ. ಬೆಳಗಿನ ತಂಪಿನಲ್ಲಷ್ಟೇ ಕೆಲಸ, ಬಿಸಿಲೇರಿದರೆ ಬಂದ್. ಮೊದಮೊದಲು ನೊಣ ಕೂಡ ಬರಲಿಲ್ಲ. ಆಮೇಲೆ ಡಾಕ್ಟರಮ್ಮ ತಮ್ಮ ಬಿಳಿ ಕೋಟು ತಂದು ಎಲ್ಲರೆದುರು ಇಸ್ತ್ರಿಗೆಂದು ಅಪ್ಪನ ಕೈಗೇ ಕೊಟ್ಟರು. ಬೀದಿಯ ಬಾಯಿ ಮುಚ್ಚಿತು. ಅತ್ತ ಭಾವಮೈದುನ ಬಟ್ಟೆ ಸುಟ್ಟಂತೆಲ್ಲ ಇತ್ತ ಗಿರಾಕಿಗಳು ರಸ್ತೆ ದಾಟಿದರು. ನನ್ನ ಹೊಟ್ಟೆ ತಣ್ಣಗಾಯಿತು. ಅಪ್ಪನದು ಆಗಲಿಲ್ಲ.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಮುದುಡಿದ ಅಂಗಿ ಹಿಡಿದು ಬಂದ. "ಗಿರಾಕಿ ಯಾಕೆ ಕಮ್ಮಿ ಅಂತ ಮಾಲೀಕರು ಕರೆಸಿದಾರೆ. ಹಾಕ್ಕೊಂಡು ಹೋಗೋಕಿದ್ದ ಒಳ್ಳೇ ಅಂಗೀನ ನಮ್ಮವನು ಸುಟ್ಟುಹಾಕಿದ. ಇದೊಂದನ್ನ ಮಾಡ್ಕೊಡಪ್ಪ."

ಅಪ್ಪ ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿದ. "ಇಲ್ಲೇ ಹಾಕ್ಕೊಳ್ಳಿ."

"ಮನೇಲಿ ಹಾಕ್ಕೋತೀನಿ ಬಿಡು."

"ಕಜ್ಜಿ ಕೈ ಮುಟ್ಟಿರೋ ಅಂಗಿ. ಎಲ್ರ ಮುಂದೆ ಹಾಕ್ಕೊಳ್ಳಿ, ಅಂಟತ್ತೋ ಇಲ್ವೋ ನೋಡೇಬಿಡೋಣ."

ಗಿರಾಕಿಗಳು ನೋಡುತ್ತಿದ್ದರು. ಅವನು ಹಾಕಿಕೊಂಡ. ಯಾರೋ "ಮಾಡಿದ್ದುಣ್ಣೋ ಮಹರಾಯ" ಎಂದರು. ಅಪ್ಪ ನಗಲಿಲ್ಲ.

"ಈಗ ಬಾಯಿ ಬಿಟ್ಟು ಹೇಳಿ."

"ಕಜ್ಜಿ ಅಲ್ಲ" ಎಂದ ಅವನು.

"ಕೇಳಿಸ್ಲಿಲ್ಲ."

ಅಪ್ಪ ಅದನ್ನು ಅವನಿಂದ ಮೂರು ಸಲ ಹೇಳಿಸಿದ. ಮೊದಲನೆಯ ಸಲವೇ ಎಲ್ಲರಿಗೂ ಕೇಳಿಸಿತ್ತು.