ನಲವತ್ತು ಸಾವಿರ ಮೆಚ್ಚುಗೆ, ಒಂದು ಖಾಲಿ ಮೇಜು

ಸೂಕ್ರೆ ಪಟ್ಟಣದಲ್ಲಿ ಕೋರ್ಟಿನ ಹಿಂದಿನ ಬೀದಿಯಲ್ಲಿ ದೋನ್ಯಾ ಬೆನಿಲ್ದಾ, ನಮ್ಮಲ್ಲಾದರೆ ಬೆನಿಲ್ದಮ್ಮ, ಇಪ್ಪತ್ತಾರು ವರ್ಷಗಳಿಂದ ಸಾಲ್ಟೇನ್ಯ ಮಾರುತ್ತಿದ್ದಾರೆ. ಕರ್ಜಿಕಾಯಿಯ ಹಾಗೆ ಅಂಚನ್ನು ಜಡೆಯಂತೆ ಹೆಣೆದು ಒಲೆಯಲ್ಲಿ ಬೇಯಿಸಿದ ತಿಂಡಿ. ಒಳಗೆ ಮಾಂಸ, ಆಲೂಗಡ್ಡೆ, ಬಿಸಿ ರಸ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ ಹನ್ನೆರಡಕ್ಕೆ ಎಲ್ಲ ಖಾಲಿ. ಸಂಜೆ ಸಾಲ್ಟೇನ್ಯ ಕೇಳುವವನು ಪರವೂರಿನವನೇ ಸರಿ. ತುದಿ ಕಚ್ಚಿ, ಮೊದಲು ರಸ ಹೀರಬೇಕು. ಮೇಜಿನಲ್ಲಿ ಒಂದು ಹನಿ ಚೆಲ್ಲಿದವರು ಎಲ್ಲರ ಬಿಲ್ಲು ಕೊಡಬೇಕು. ಇದರಲ್ಲಿ ನ್ಯಾಯಾಧೀಶರಿಗೂ ವಿನಾಯಿತಿಯಿಲ್ಲ. ಬೆನಿಲ್ದಾ ಅವರ ಹೆಸರು ನಿಂತಿದ್ದು ಆ ಜಡೆಯ ಮೇಲೆ. ಅವರ ಸಾಲ್ಟೇನ್ಯ ತಾನಾಗಿ ಎಂದೂ ಸೋರಿದ್ದಿಲ್ಲ.

ಆಗ ಬಂದ ಆದೆಮಾರ್. ಸಣ್ಣ ವ್ಯಾಪಾರಿಗಳನ್ನು ಉದ್ಧಾರ ಮಾಡುವ ತರಬೇತುದಾರ. ಉಪದೇಶ ಬಿಟ್ಟು ಬೇರೇನನ್ನೂ ಜನ್ಮದಲ್ಲಿ ಮಾರಿದವನಲ್ಲ. "ಫೇಸ್‌ಬುಕ್ಕಲ್ಲಿ ಇಲ್ಲದ ಅಂಗಡಿ ಇದ್ದೂ ಇಲ್ಲದ ಹಾಗೆ" ಎಂದು ಸಭೆಯಲ್ಲಿ ಹೆದರಿಸಿದ. ಆಮೇಲೆ ಹೆದರಿದವರಿಗೆಲ್ಲ ತಾನೇ ಮದ್ದು ಮಾರಿದ. ದಿನಕ್ಕೆ ಮೂರು ಫೋಟೊ, ಒಂದು ವಿಡಿಯೊ, ಬಂದ ಪ್ರಶ್ನೆಗೆಲ್ಲ ಐದು ನಿಮಿಷದಲ್ಲಿ ಉತ್ತರ. ದೋನ್ಯಾ ಹಿಟ್ಟಿನ ಡಬ್ಬಕ್ಕೆ ಫೋನು ಒರಗಿಸಿಕೊಂಡು, ಒಂದು ಕೈಯಲ್ಲಿ ಜಡೆ ಹೆಣೆಯುತ್ತ, ಇನ್ನೊಂದರಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹಾರೈಸತೊಡಗಿದರು.

"ದೋನ್ಯಾ, ಈಗ ಒಂದು ಸಾಲ್ಟೇನ್ಯ ಕ್ಯಾಮೆರಾ ಮುಂದೆ ಹಿಂಡಿ. ರಸ ಕೈ ಮೇಲೆಲ್ಲ ಹರೀಬೇಕು."

"ಥೂ! ನಮ್ಮವ್ವ ನೋಡಿದ್ರೆ ಆ ಕೈ ಮುರೀತಿದ್ಳು ಕಣಪ್ಪ."

"ನಿಮ್ಮವ್ವ ಫಾಲೋವರ್ ಅಲ್ವಲ್ಲ. ಹಿಂಡಿ."

ಹಿಂಡಿದರು. ನಲವತ್ತು ಸಾವಿರ ಮೆಚ್ಚುಗೆ ಬಂತು, ಲೀಮಾದಿಂದ, ಮ್ಯಾಡ್ರಿಡ್‌ನಿಂದ, ಎಲ್ಲೆಲ್ಲಿಂದಲೋ. ಮರುವಾರ ಕೋರ್ಟಿನವರ ಮೇಜು ಖಾಲಿಯಾಯಿತು. ಹತ್ತೊಂಬತ್ತು ವರ್ಷ ಅಲ್ಲೇ ಕೂತು ತಿಂದ ಗುಮಾಸ್ತ ದೋನ್ ವಾಲ್ದೊ ಎದುರಂಗಡಿಗೆ ನಡೆದಿದ್ದನ್ನು ಕಂಡು ದೋನ್ಯಾ ಬೀದಿಯಲ್ಲೇ ತಡೆದರು.

"ಏನ್ ದೋನ್ ವಾಲ್ದೊ, ನಮ್ಮ ಮೆಟ್ಲು ಹತ್ತೋಕೆ ಕಾಲ್ನೋವಾ?"

"ಬೇಜಾರ್ ಮಾಡ್ಕೋಬೇಡ ಕಸೇರಿತಾ." ಹಳೆಯ ಗಿರಾಕಿ ಅಂಗಡಿಯಾಕೆಯನ್ನು ಅಕ್ಕರೆಯಿಂದ ಕರೆಯುವ ಮಾತದು. " ಸೋರೋದನ್ನ ನೀನೇ ಊರಿಗೆಲ್ಲ ತೋರಿಸ್ದೆ. ನನ್ನ ಹತ್ರ ಇರೋದು ಒಂದೇ ಕೋಟು."

"ಅಯ್ಯೋ, ಅದು ಬೇಕಂತ್ಲೇ ಹಿಂಡಿದ್ದು!"

"ಬೇಕಂತ್ಲೇ ಚೆಲ್ಲಿದ್ಯಾ?" ವಾಲ್ದೊ ಟೋಪಿ ತೆಗೆದರು, ಸಾವಿನ ಮನೆಯಲ್ಲಿ ತೆಗೆಯುವಂತೆ. "ಅದಕ್ಕಿಂತ ಸೋರಿದ್ದೇ ವಾಸಿ ಇತ್ತು ಕಣಮ್ಮ."

ಒಳಗೆ ಬಂದು ತಟ್ಟೆ ನೋಡಿದರೆ ನಾಲ್ಕು ನಿಜವಾಗಿಯೂ ಸೋರಿದ್ದವು. ಒಂದು ಕೈಯ ಜಡೆ ಇನ್ನೇನಾದೀತು? ಸುಳ್ಳು ವಿಡಿಯೊ ಒಂದೇ ವಾರದಲ್ಲಿ ಸತ್ಯವಾಗಿತ್ತು. ದೋನ್ಯಾ ಆದೆಮಾರನಿಗೆ ಫೋನು ಮಾಡಿದರು.

"ನಿನ್ನ ನಲವತ್ತು ಸಾವಿರ ಜನಾನ ನಾಳೆ ಹತ್ತಕ್ಕೆ ಕಳ್ಸಪ್ಪ. ನಿಂತು ತಿನ್ನೋಕಾದ್ರೂ ಜಾಗ ಮಾಡ್ತೀನಿ."

"ಅವ್ರು ಬರೋ ಜನ ಅಲ್ಲ ದೋನ್ಯಾ, ನೋಡೋ ಜನ."

"ಹಾಗಾದ್ರೆ ನಿನ್ನ ಮುಖಾನೇ ತೋರಿಸ್ಕೋ."

ವಿಡಿಯೊ ಅಳಿಸಿದರು. ಈಗ ಪುಟದಲ್ಲಿ ಅಂಗಡಿಯ ವಿಳಾಸ, ತೆರೆಯುವ ಹೊತ್ತು, ಕಚ್ಚದ ಒಂದು ಸಾಲ್ಟೇನ್ಯದ ಫೋಟೊ, ಅಷ್ಟೇ. ಮಧ್ಯಾಹ್ನದವರೆಗೆ ಫೋನು ಬೀರುವಿನಲ್ಲಿ. ಕೈ ತೊಳೆದ ಮೇಲೆ ಅರ್ಧ ಗಂಟೆ ಉತ್ತರ ಬರೆದು ಮುಚ್ಚುತ್ತಾರೆ. ಸಂಜೆ ಏಳಕ್ಕೆ ಸಿಗುತ್ತದಾ ಎಂದು ಕೇಳಿದವರಿಗೆಲ್ಲ ಒಂದೇ ಮಾತು: ಬೆಳಿಗ್ಗೆ ಬನ್ನಿ. ಆದೆಮಾರ್ ಇದನ್ನೇ "ಕೊರತೆಯ ತಂತ್ರ" ಎಂದು ಅದೇ ಸಭಾಂಗಣದಲ್ಲಿ ಬೋಧಿಸುತ್ತಿದ್ದಾನಂತೆ. ಬಡವರ ಬುದ್ಧಿಯನ್ನು ಬಡವರಿಗೇ ಮಾರುವ ಧೈರ್ಯಕ್ಕೆ ಮೆಚ್ಚಬೇಕು.

ಎದುರಂಗಡಿಯವರು ಆ ಒಂದೇ ಕೋಟಿನ ಮೇಲೆ ಕಲೆ ಮಾಡಿಕೊಟ್ಟ ಮೇಲೆ ವಾಲ್ದೊ ಮತ್ತೆ ದೋನ್ಯಾ ಅಂಗಡಿಯ ಮೆಟ್ಟಿಲು ಹತ್ತಿದರು. ತುದಿ ಕಚ್ಚಿದರು. ಬೆನಿಲ್ದಾ ಅವರ ಗದ್ದವನ್ನೇ ನೋಡುತ್ತ ನಿಂತರು. ಗದ್ದ ಒಣಗಿಯೇ ಇತ್ತು. ವಾಲ್ದೊ ಕೊನೆಯ ಚೂರನ್ನೂ ಮುಗಿಸಿ, ಅಂಗೈ ತಿರುಗಿಸಿ ನೋಡಿಕೊಂಡರು.

"ನಾಳೆ ನಾಲ್ಕು ಜನ ಬರ್ತೀವಿ ಕಸೇರಿತಾ."

"ಹತ್ತೂವರೆ ಒಳಗೆ ಬನ್ನಿ. ಆಮೇಲೆ ಬಂದು ನನ್ನ ಬೈಬೇಡಿ."