ಹಬ್ಬುವಾಡದ ಮಧ್ಯಾಹ್ನದ ಪಾರ್ಕು

ಮೊನ್ನೆ ಸೊಸೆ ಹೊಸ ಸ್ಕೂಟರ್ ತಂದಳು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಹರಿಯುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದದ್ದೇ ಗಣಪ ಗೌಡ ನೆನಪಾದ. ನನ್ನನ್ನು ನನ್ನದೇ ಮಾತಿನಲ್ಲಿ ಕಟ್ಟಿಹಾಕಿದವನು ಅವನೊಬ್ಬನೇ. ನನ್ನ ಹೆಂಡತಿಯನ್ನು ಬಿಟ್ಟರೆ, ಅನ್ನಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಾರವಾರದ ಹಬ್ಬುವಾಡದಲ್ಲಿ ನಮ್ಮ ಮನೆಯ ಹತ್ತಿರ ಪಾರ್ಕಾಗಬೇಕಿತ್ತು; ದುಡ್ಡಿರಲಿಲ್ಲ. ಕೊನೆಗೆ, ಹೊಸ ಗಾಡಿ ನೋಂದಾಯಿಸುವವರೆಲ್ಲ ಪಾರ್ಕಿಗೆಂದು ಒಂದು ಶುಲ್ಕ ಕೊಡಬೇಕೆಂದು ನಗರಸಭೆಯಲ್ಲಿ ತೀರ್ಮಾನವಾಯಿತು. ಲಾರಿಯಿರಲಿ, ಮೊಪೆಡ್ ಇರಲಿ, ಒಂದೇ ದರ. ಆ ಒಂದೇ ದರದ ಸಲಹೆ ಪಾರ್ಕ್ ಸಮಿತಿಯ ಕಾರ್ಯದರ್ಶಿಯಾಗಿದ್ದ ನನ್ನದು. ಸಮಾನತೆಯ ತತ್ವವೇನೂ ಅಲ್ಲ ಮಾರಾಯ್ರೆ, ಲೆಕ್ಕದ ಸೋಮಾರಿತನ.

ಗಣಪ ಅಂಕೋಲೆ ಕಡೆಯ ಭಾವಿಕೇರಿಯವನು. ನಮ್ಮ ಓಣಿಯಲ್ಲೇ ಬಾಡಿಗೆಗಿದ್ದ. ರೆಕ್ಸಿನ್ ವಾಸನೆ ಇನ್ನೂ ಆರದ ಹೊಸ ರಿಕ್ಷಾ ತಂದ ದಿನ ನೇರ ನಮ್ಮ ಜಗಲಿಗೆ ಬಂದ.

"ಕಾರಿನವ್ರಿಗೂ ನಂಗೂ ಒಂದೇ ಅಂದ್ರೆ ಎಂತಾ ನ್ಯಾಯ್ರಾ, ಸಾಹೇಬ್ರೆ?"

"ಪಾರ್ಕೂ ಇಬ್ಬರಿಗೂ ಒಂದೇ ಅಲ್ಲವೋ ಗಣಪ," ಎಂದೆ.

"ಹಂಗಾರೆ ಅಡ್ಡಿಲ್ಲ," ಎಂದು ಶುಲ್ಕ ಕಟ್ಟಲು ಹೋದ.

ಪಾರ್ಕಾಯಿತು. ಹುಲ್ಲು, ಬೆಂಚು, ಒಳ್ಳೆಯ ನೆರಳು. ಬೆಳಗಿನ ವಾಕಿಂಗಿನವರಾದ ನಮಗೆ ಅದರ ಮೇಲೆ ಎಷ್ಟು ಮೋಹವೆಂದರೆ, ಹಾಳಾಗಬಾರದೆಂದು ಹತ್ತರಿಂದ ನಾಲ್ಕರವರೆಗೆ ಬೀಗ ಹಾಕಿಸಿದೆವು. ಅದೂ ನನ್ನದೇ ಸಲಹೆ. ಕೀಲಿಯೂ ನನ್ನ ಕಿಸೆಯಲ್ಲೇ.

ಭಾವಿಕೇರಿಯಿಂದ ಹರಿವೆ, ಬಸಳೆ ಸೊಪ್ಪು ತಂದು ಮಾರುವ ಹೆಂಗಸರು ಮಧ್ಯಾಹ್ನದ ಬಸ್ಸಿಗೆ ಕಾಯುತ್ತ ಗೇಟಿನ ಹೊರಗೆ ಬಿಸಿಲಲ್ಲಿ ಕೂರುತ್ತಿದ್ದರು. ಮೇ ತಿಂಗಳ ಒಂದು ದಿನ ಅವರಲ್ಲೊಬ್ಬ ಮುದುಕಿ ತಲೆಸುತ್ತಿ ಬಿದ್ದಳು. ಗಣಪನೇ ಎತ್ತಿ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದ; ಬದುಕಿದಳು. ಅದೇ ಸಂಜೆ ನಮ್ಮ ಸಮಿತಿಯ ಸಭೆಗೆ ಬಂದು ನಿಂತ.

"ಗೇಟು ತೆಗೀರಿ," ಎಂದ. ಜೋರು ದನಿಯಲ್ಲ.

"ತೆಗೆದರೆ ನಿಮ್ಮ ಡ್ರೈವರುಗಳೆಲ್ಲ ಬಂದು ಮಲಗ್ತಾರೆ, ಎಲೆಯಡಿಕೆ ಕವಳ ಉಗೀತಾರೆ," ಎಂದರು ಅಧ್ಯಕ್ಷರು.

"ನಾ ಗುಡಿಸ್ತೆ," ಎಂದ ಗಣಪ. ಆಮೇಲೆ ನನ್ನ ಕಡೆ ತಿರುಗಿದ. "ಪಾರ್ಕು ಇಬ್ರಿಗೂ ಒಂದೇ ಅಂದಿದ್ರಲ್ರಾ. ನಂಬಿ ಕೊಟ್ಟೆ."

ಬೈದಿದ್ದರೆ ನಾನೂ ಬೈಯಬಹುದಿತ್ತು. ಆದರೆ ಅವನು 'ನಂಬಿ' ಎಂದಿದ್ದ. ಎದ್ದು ಕೀಲಿಯನ್ನು ಅವನ ಕೈಗಿಟ್ಟೆ. ಅಧ್ಯಕ್ಷರು ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟರು.

ಗಣಪ ಮಾತ್ರ ಮಾತು ತಪ್ಪಲಿಲ್ಲ. ದಿನಾ ಮಧ್ಯಾಹ್ನ ರಿಕ್ಷಾ ಬಾಡಿಗೆ ಬಿಟ್ಟು ಕಸಬರಿಗೆ ಹಿಡಿಯುತ್ತಿದ್ದ. ನೋಡಲಾಗದೆ ಒಮ್ಮೆ ಗೇಟಿನ ಹೊರಗಿನಿಂದಲೇ ಹೇಳಿದೆ: "ಶುಲ್ಕ ಕೊಟ್ಟವನು ಗುಡಿಸಬೇಕೆಂದಿಲ್ಲವೋ ಮಾರಾಯ."

ಅವನು ಬಗ್ಗಿದಲ್ಲಿಂದಲೇ ನಕ್ಕ. "ಸೊಪ್ಪಿನವ್ರ ಹತ್ರ ಗಾಡಿ ಎಲ್ಲಿದ್ರಾ? ಅವ್ರ ಪಾಲಿನ ಶುಲ್ಕ ಇದು."

ಅವನೀಗ ರಿಕ್ಷಾ ಮಾರಿ ಊರಲ್ಲಿ ಗದ್ದೆ ನೋಡಿಕೊಂಡಿದ್ದಾನೆ. ನಾನೋ, ಇಷ್ಟು ವರ್ಷವೂ ಬೆಳಗ್ಗೆಯಷ್ಟೇ ಪಾರ್ಕಿನೊಳಗೆ ಕಾಲಿಟ್ಟವನು. ಮೊನ್ನೆ ಮಧ್ಯಾಹ್ನ ಊಟವಾದದ್ದೇ ಪಾರ್ಕಿಗೆ ಹೊರಟೆ. ಬೆಂಚಿನ ಮೇಲೆ ಯಾರೋ ಡ್ರೈವರು ಮಲಗಿದ್ದ. ನನ್ನ ಬಿಳಿ ಅಂಗಿ ಕಂಡು, ಎಬ್ಬಿಸಲು ಬಂದ ಸಾಹೇಬನೆಂದುಕೊಂಡು ಗಡಬಡಿಸಿ ಏಳಹೋದ.

"ಏಳಬೇಡಿ," ಎಂದು ಪಕ್ಕದ ಹುಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನಾನೂ ಮಲಗಿದೆ.